ಕುರುಡು ಲಾರಿಗೆ ಕಣ್ಣು ಮರಳಿದಾಗ

ಕರಡಿಕೊಳ್ಳದ ಜನ ಕುರುಡು ಲಾರಿಗೆ ಹೆದರುತ್ತಿರಲಿಲ್ಲ. ಅವರು ಹೆದರುತ್ತಿದ್ದದ್ದು ಕಣ್ಣು ನೆಟ್ಟಗಿದ್ದ ಲಾರಿಗೆ.

ಗುಡ್ಡದ ಮೇಲಿನ ಗಣಿಯಿಂದ ಕೆಳಗಿನ ರೈಲು ಯಾರ್ಡಿನವರೆಗೆ ಅದಿರು ಹೊರುವ ಲಾರಿಗಳಲ್ಲಿ ಚಾಲಕರಿಲ್ಲದೆ ಆಗಲೇ ಒಂಬತ್ತು ವರ್ಷವಾಗಿತ್ತು. ಸದ್ದಿಲ್ಲದೆ ಬ್ಯಾಟರಿಯ ಮೇಲೆ ಓಡುವ ಆ ಲಾರಿಗಳ ಹಣೆಯಲ್ಲಿ ಎರಡು ಬಗೆಯ ಕಣ್ಣುಗಳಿದ್ದವು. ಒಂದು ಕ್ಯಾಮೆರಾ. ಇನ್ನೊಂದು ಲೇಸರ್ ಬೆಳಕನ್ನು ಎಸೆದು, ಅದು ಎದುರಿನ ವಸ್ತುವಿಗೆ ತಾಗಿ ವಾಪಸು ಬರುವ ಹೊತ್ತನ್ನು ಅಳೆಯುವ ಯಂತ್ರ. ಕೆಂಪು ದೂಳು ಮೆತ್ತಿ ಇವುಗಳಲ್ಲಿ ಒಂದು ಕೆಟ್ಟಿತೆಂದರೆ ಲಾರಿ ತಾನೇ ಅದನ್ನು ಕಂಡುಕೊಂಡು, ನೆತ್ತಿಯ ಹಳದಿ ದೀಪ ಹೊತ್ತಿಸಿ, ಮನುಷ್ಯ ನಡೆಯುವ ವೇಗಕ್ಕೆ ಇಳಿಯುತ್ತಿತ್ತು. ಊರಿನವರು ಇದಕ್ಕೆ ಒಗ್ಗಿಹೋಗಿದ್ದರು. ಕೊಡ ಹೊತ್ತ ಹೆಂಗಸರು ಹಳದಿ ದೀಪ ಬರುವ ತನಕ ರಸ್ತೆಯ ಬದಿಯಲ್ಲಿ ಹರಟುತ್ತ ನಿಂತಿರುತ್ತಿದ್ದರು. ಕುರಿಯವರು ಕುರುಡು ಲಾರಿಯ ಮುಂದೆಯೇ ಇಡೀ ಹಿಂಡನ್ನು ದಾಟಿಸುತ್ತಿದ್ದರು. ಹೆಣ ಹೊತ್ತವರೂ ಹಳದಿ ದೀಪಕ್ಕೆ ಕಾಯುತ್ತಿದ್ದರು. ದೀಪ ಹಸಿರಾಯಿತೆಂದರೆ ಲಾರಿಗೆ ಕಣ್ಣು ಬಂತೆಂದು ಅರ್ಥ. ಆಮೇಲೆ ಅದು ನಲವತ್ತು ಟನ್ ಹೊತ್ತು ನಲವತ್ತು ಕಿಲೋಮೀಟರ್ ವೇಗದಲ್ಲಿ ಹೊರಡುತ್ತಿತ್ತು.

ಊರಿನ ಗಡಿಯೊಳಗೆ ಹಳದಿ ದೀಪ ಇರುವಷ್ಟು ಹೊತ್ತು ಕೆಂಪು ಬಾವುಟ ಹಿಡಿದ ಒಬ್ಬರು ಲಾರಿಯ ಮುಂದೆ ಹನ್ನೆರಡು ಮೀಟರ್ ದೂರದಲ್ಲಿ ನಡೆಯಬೇಕು ಎಂದು ಜಿಲ್ಲಾ ಆಡಳಿತ ಷರತ್ತು ಹಾಕಿತ್ತು. ಆ ಕೆಲಸಕ್ಕೆ ರಕ್ತಾದ್ರಿ ಸಾಗಣೆ ಕಂಪನಿ ಹಳೆಯ ಚಾಲಕರನ್ನೇ ಇಟ್ಟುಕೊಂಡಿತು. ಗಾದಿಲಿಂಗಪ್ಪ ಅವರಲ್ಲಿ ಒಬ್ಬ. ಇಪ್ಪತ್ತೆಂಟು ವರ್ಷ ಇದೇ ರಸ್ತೆಯಲ್ಲಿ ಲಾರಿ ಓಡಿಸಿದವನು ಈಗ ಇದೇ ರಸ್ತೆಯಲ್ಲಿ ಲಾರಿಯ ಮುಂದೆ ನಡೆಯುತ್ತಿದ್ದ. ಹಳೆಯ ಡೀಸೆಲ್ ಎಂಜಿನ್ನುಗಳ ಅಬ್ಬರಕ್ಕೆ ಅವನ ಎಡಗಿವಿ ಹೋಗಿತ್ತು.

ಅವನ ತಂಗಿ ಹಂಪಮ್ಮ. ಲಾರಿ ಓಡಿಸಿದ ದುಡಿಮೆಯಲ್ಲೇ ಅವನು ಅವಳಿಗೆ ಹೊಸಪೇಟೆಯಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿಸಿದ್ದ. ಮದುವೆ ಮುರಿದು ವಾಪಸು ಬಂದಾಗ ಏನನ್ನೂ ಕೇಳದೆ ಪಡಸಾಲೆಯ ಪಕ್ಕದ ಕೋಣೆ ಬಿಟ್ಟುಕೊಟ್ಟಿದ್ದ. ಈಗ ಅವಳಿಗೆ ನಲವತ್ತಾರು. ಕಂಪನಿಯ ನಿಯಂತ್ರಣ ಕೊಠಡಿಯಲ್ಲಿ ಅವಳ ಮೇಜಿಗೆ ಎಲ್ಲರೂ ವಾಸಿ ವಿಭಾಗ ಎನ್ನುತ್ತಿದ್ದರು. ಕೆಟ್ಟ ಕಣ್ಣು ಯಾವಾಗ ಸರಿಹೋಯಿತು ಎಂದು ತೀರ್ಮಾನಿಸುವ ನಿಯಮ ಬರೆಯುವುದು, ಅದನ್ನು ಕಾಯುವುದು ಅವಳ ಕೆಲಸ.

ಕೆಟ್ಟದ್ದನ್ನು ಹಿಡಿಯುವುದು ಸುಲಭ, ವಾಸಿಯಾಯಿತು ಎನ್ನುವುದೇ ಕಷ್ಟ ಎಂದು ಅವಳು ಹೊಸಬರಿಗೆ ಹೇಳಿಕೊಡುತ್ತಿದ್ದಳು. ಕೆಟ್ಟ ಕಣ್ಣು ಹುಚ್ಚುಚ್ಚಾಗಿ ಆಡುತ್ತದೆ. ಇಲ್ಲದ ಗೋಡೆ ತೋರಿಸುತ್ತದೆ, ಇದ್ದ ಮರ ನುಂಗುತ್ತದೆ. ವಾಸಿಯಾದ ಕಣ್ಣು ಸುಮ್ಮನಿರುತ್ತದೆ. ಆದರೆ ಸತ್ತ ಕಣ್ಣೂ ಸುಮ್ಮನಿರುತ್ತದೆ. ಅದಕ್ಕೇ ಮೊದಲಿನ ನಿಯಮದಲ್ಲಿ, ಕೆಟ್ಟ ಕಣ್ಣನ್ನು ನೀರು ಚಿಮ್ಮಿಸಿ ತೊಳೆದ ಮೇಲೆ ಅದರ ಮಾತನ್ನು ಇನ್ನೊಂದು ಕಣ್ಣಿನ ಮಾತಿನ ಜೊತೆ ತೊಂಬತ್ತು ಸೆಕೆಂಡು ಹೋಲಿಸಿ ನೋಡಬೇಕಿತ್ತು. ಅಷ್ಟು ಹೊತ್ತೂ ಎರಡೂ ಒಂದೇ ಮಾತು ಹೇಳಿದರೆ ವಾಸಿ.

"ತೊಂಬತ್ತು ಬಹಳವಾಯಿತು ಹಂಪಮ್ಮ ಅವರೇ," ಎಂದಿದ್ದರು ವ್ಯವಸ್ಥಾಪಕ ವಿದ್ಯಾಶಂಕರ್. ಬೆಂಗಳೂರಿನ ಕಡೆಯವರು, ದನಿ ಏರಿಸಿದವರಲ್ಲ. "ಒಂದು ಲಾರಿ ತೆವಳಿದರೆ ಹಿಂದಿನ ಇಪ್ಪತ್ತು ಲಾರಿ ತೆವಳುತ್ತವೆ. ಎಷ್ಟಕ್ಕೆ ಇಳಿಸಬಹುದು, ಲೆಕ್ಕ ಹಾಕಿ ಹೇಳಿ."

ಅವಳು ಮೂರು ಸಾವಿರ ಪ್ರಕರಣ ತೆಗೆದು ನೋಡಿದಳು. ಹನ್ನೆರಡು ಸೆಕೆಂಡು ಒಮ್ಮತ ಇದ್ದ ಕಣ್ಣುಗಳು ತೊಂಬತ್ತರವರೆಗೂ ಒಮ್ಮತದಲ್ಲೇ ಇದ್ದವು. ನಾಲ್ಕು ಮಾತ್ರ ಇರಲಿಲ್ಲ. ಆ ನಾಲ್ಕು ಯಾಕೆ ಹಾಗಾದವೆಂದು ಅವಳಿಗೆ ತಿಳಿಯಲಿಲ್ಲ. ವರದಿಯ ಕೊನೆಯ ಪುಟದಲ್ಲಿ ಅವುಗಳ ಬಗ್ಗೆ ಒಂದು ಸಾಲು ಬರೆದು ಸಹಿ ಹಾಕಿದಳು. ನಿಯಮ ಹನ್ನೆರಡಕ್ಕೆ ಇಳಿಯಿತು. ಕೊನೆಯ ಪುಟವನ್ನು ಯಾರೂ ಓದಲಿಲ್ಲ, ಅವಳೂ ಮತ್ತೆ ತೆರೆಯಲಿಲ್ಲ.

ಎಂಟು ತಿಂಗಳ ನಂತರ, ರೋಹಿಣಿ ಮಳೆಯ ಮೊದಲ ಹನಿ ಬಿದ್ದ ದಿನ ಬೆಳಿಗ್ಗೆ ಗಾದಿಲಿಂಗಪ್ಪ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ರೊಟ್ಟಿ ತಿನ್ನುತ್ತಿದ್ದ. ಅವನ ಹೆಂಡತಿ ಹುಲಿಗೆಮ್ಮ ರೊಟ್ಟಿ ಬಡಿಯುತ್ತಿದ್ದಳು.

"ಇವತ್ತ ಎಲ್ಲಾ ಕುರುಡೇ," ಎಂದ ಅವನು ತಂಗಿಯ ಕಡೆ ನೋಡಿ. "ದೂಳಿನ ಮ್ಯಾಲ ನಾಕ್ ಹನಿ ಬಿದ್ರ ರಾಡಿ ಆಗತೈತಿ. ನಿಮ್ಮ ಪಿಚಕಾರಿ ನೀರಿಗೆ ಅದು ಹೋಗಂಗಿಲ್ಲ ನೋಡು, ಬರೇ ಸಾರಿಸಿದಂಗ ಆಗತೈತಿ."

"ಹೋಗತೈತಣ್ಣ. ಹೋಗದಿದ್ರ ಹಸಿರು ದೀಪಾನ ಬರಂಗಿಲ್ಲ."

"ಬರದಿದ್ರ ಚಲೋನ. ನಿಧಾನಕ ನಡೀತೀನಿ." ಅವನು ಎದ್ದು ಕೈ ತೊಳೆದು, ಗೋಡೆಗೆ ಒರಗಿಸಿದ್ದ ಬಾವುಟ ತೆಗೆದುಕೊಂಡು ಹೋದ.

ಹಂಪಮ್ಮನ ಪರದೆಯ ಮೇಲೆ ಆ ದಿನ ಹಳದಿ ಚುಕ್ಕೆಗಳೇ ಹೆಚ್ಚಿದ್ದವು. ಹತ್ತು ನಲವತ್ತೆರಡಕ್ಕೆ ಅರವತ್ತೊಂದನೆಯ ಲಾರಿ ಹಳ್ಳದ ಸೇತುವೆಯ ಮೇಲೆ ಹಸಿರಾಯಿತು. ಅವಳು ಅದನ್ನು ನೋಡಿದಳು. ನೋಡಿ ಮುಂದಿನ ಚುಕ್ಕೆಗೆ ಹೋದಳು. ಒಂದು ನಿಮಿಷದೊಳಗೆ ಅದೇ ಲಾರಿಯಿಂದ ತಾನಾಗಿ ಒಂದು ಸಂದೇಶ ಬಂತು. ಸೇತುವೆಯ ಮೇಲೆ ಚಕ್ರದಡಿ ಉಬ್ಬು ಸಿಕ್ಕಿದೆ, ರಸ್ತೆ ದುರಸ್ತಿ ಆಗಬೇಕು. ಇಂಥವು ದಿನಕ್ಕೆ ಹತ್ತಾರು ಬರುತ್ತಿದ್ದವು. ಅವಳು ಅದನ್ನು ರಸ್ತೆ ವಿಭಾಗಕ್ಕೆ ಕಳಿಸಿ ಚಹಾ ಕುಡಿಯಲು ಎದ್ದಳು. ಬಾಗಿಲ ಬಳಿ ಇದ್ದಾಗ ಊರಿನಿಂದ ಫೋನ್ ಬಂತು.

ಆ ಸೇತುವೆಯ ಎರಡೂ ಬದಿಗೆ ಎದೆಮಟ್ಟದ ಗೋಡೆ. ಪಕ್ಕಕ್ಕೆ ಸರಿಯಲು ಜಾಗವಿಲ್ಲ. ಹಸಿರಾದಾಗ ಲಾರಿ ನಿಯಮದಂತೆ ಒಂದು ಹಾರ್ನ್ ಹೊಡೆದಿತ್ತು, ಐದು ಸೆಕೆಂಡು ಬಿಟ್ಟು ಹೊರಟಿತ್ತು. ಹಳ್ಳದಲ್ಲಿ ಬಟ್ಟೆ ಒಗೆಯುತ್ತಿದ್ದವರು ಕಂಡದ್ದನ್ನು ಹೇಳಿದರು: ಗಾದಿಲಿಂಗಪ್ಪ ತಿರುಗಿ ನೋಡಿದ, ಬಾವುಟ ಎರಡು ಸಲ ಬೀಸಿದ, ಆಮೇಲೆ ಸೇತುವೆಯ ಆ ತುದಿಯ ಕಡೆ ಓಡಿದ. ಐವತ್ತೆಂಟು ವರ್ಷದವನು ಎಷ್ಟು ಓಡುತ್ತಾನೆ.

ಮಣ್ಣು ಮಾಡಿದ ಮೂರನೆಯ ದಿನ ಹಂಪಮ್ಮ ಕೆಲಸಕ್ಕೆ ಹೋದಳು. ಮನೆಯಲ್ಲಿ ಕೂರಲು ಆಗಲಿಲ್ಲ. ಅಷ್ಟರಲ್ಲಿ ತನಿಖೆಯ ಕರಡು ಅವಳ ಮೇಜಿಗೆ ಬಂದಿತ್ತು. ಹಾರ್ನ್ ಆದ ಮೇಲೂ ಬಾವುಟದವನು ದಾರಿ ಬಿಡಲಿಲ್ಲ, ಕಿವಿಯ ದೋಷ ಇದ್ದದ್ದನ್ನು ಮುಚ್ಚಿಟ್ಟಿದ್ದ, ಲಾರಿಯ ಎರಡೂ ಕಣ್ಣು ಆ ಹೊತ್ತಿಗೆ ಸುಸ್ಥಿತಿಯಲ್ಲಿದ್ದವು ಎಂದು ಅದರಲ್ಲಿತ್ತು.

ಸುಸ್ಥಿತಿಯಲ್ಲಿದ್ದರೆ ಅಣ್ಣ ಕಾಣಬೇಕಿತ್ತಲ್ಲ ಎಂಬುದು ಅವಳಿಗೆ ಮೊದಲು ಹೊಳೆದ ಮಾತು. ಎದುರಿಗೆ ಮನುಷ್ಯ ಕಂಡರೆ ಲಾರಿ ಹೊರಡುವುದೇ ಇಲ್ಲ.

ಅವಳು ಅರವತ್ತೊಂದರ ದಾಖಲೆ ತೆರೆದಳು. ಮೊದಲು ಕೆಟ್ಟದ್ದು ಲೇಸರ್ ಕಣ್ಣು. ಲಾರಿ ಅದನ್ನು ಹಿಡಿದು ಹಳದಿ ದೀಪ ಹಾಕಿತ್ತು, ನೀರು ಚಿಮ್ಮಿಸಿತ್ತು. ರಾಡಿ ಹೋಗಿರಲಿಲ್ಲ, ಗಾಜಿನ ತುಂಬ ಒಂದೇ ಸಮನೆ ತೆಳ್ಳಗೆ ಹರಡಿಕೊಂಡಿತ್ತು. ಎಸೆದ ಬೆಳಕು ಆ ಪದರದಲ್ಲೇ ಇಂಗಿಹೋಗಿ ಏನೂ ವಾಪಸು ಬರುತ್ತಿರಲಿಲ್ಲ. ಏನೂ ಬರದಿದ್ದರೆ ಆ ಕಣ್ಣಿನ ಭಾಷೆಯಲ್ಲಿ ಎದುರಿಗೆ ಏನೂ ಇಲ್ಲ ಎಂದರ್ಥ. ಇತ್ತ ಕ್ಯಾಮೆರಾದ ಗಾಜಿನ ಮೇಲೆ ಬೆಳಗಿನಿಂದ ಅದೇ ಕೆಸರು ಹನಿಹನಿಯಾಗಿ ಕೂತಿತ್ತು. ಥಟ್ಟನೆ ಮಸುಕಾಗಿದ್ದರೆ ಯಂತ್ರ ಹಿಡಿಯುತ್ತಿತ್ತು. ನಾಲ್ಕು ಗಂಟೆಯ ಕಾಲ ಇಷ್ಟಿಷ್ಟೇ ಮಸುಕಾದದ್ದನ್ನು ಹಿಡಿಯಲಿಲ್ಲ. ಅದಕ್ಕೂ ಎದುರಿಗೆ ಕಂಡದ್ದು ಬರಿ ಕಂದು ಬಣ್ಣ. ಒಂದು ಕುರುಡು ಕಣ್ಣು ಹಾದಿ ಖಾಲಿ ಎಂದಿತು, ಇನ್ನೊಂದು ಕುರುಡು ಕಣ್ಣು ಹೌದು ಖಾಲಿ ಎಂದಿತು. ಹನ್ನೆರಡು ಸೆಕೆಂಡು ಇಬ್ಬರಲ್ಲೂ ಎರಡು ಮಾತಿಲ್ಲ. ಅವಳು ಬರೆದ ನಿಯಮ ಅದನ್ನು ಓದಿ, ವಾಸಿ ಎಂದು ಮುದ್ರೆ ಒತ್ತಿತ್ತು.

ತೊಂಬತ್ತು ಸೆಕೆಂಡು ಕಾದಿದ್ದರೆ ಸೇತುವೆ ದಾಟಿರುತ್ತಿತ್ತು, ದಾರಿಯಲ್ಲಿ ಎಲ್ಲಾದರೂ ಒಂದು ಕಣ್ಣಿನ ಪದರ ಒಣಗಿ ಬಿರಿದು ಒಮ್ಮತ ಮುರಿಯುತ್ತಿತ್ತು. ಆ ನಾಲ್ಕು ಪ್ರಕರಣಗಳನ್ನೂ ತೆಗೆದಳು. ನಾಲ್ಕೂ ಹನಿ ಬಿದ್ದ ದಿನಗಳು. ಪಕ್ಕದ ಮೇಜಿನವರು ನೀರು ತಂದಿಟ್ಟರು. ಅವಳು ಅದನ್ನು ನೋಡಲಿಲ್ಲ.

ಹನ್ನೊಂದನೆಯ ದಿನದ ಕಾರ್ಯ ಮುಗಿದು ನೆಂಟರೆಲ್ಲ ಹೋದ ಮೇಲೆ ಅವಳು ಅತ್ತಿಗೆಗೆ ಹೇಳಿದಳು. ಹುಲಿಗೆಮ್ಮ ಹಿತ್ತಲಲ್ಲಿ ದೊಡ್ಡ ಪಾತ್ರೆಗಳನ್ನು ಬೂದಿ ಹಾಕಿ ಉಜ್ಜುತ್ತಿದ್ದಳು. ಕೈ ನಿಲ್ಲಿಸದೆ ಎಲ್ಲ ಕೇಳಿಸಿಕೊಂಡಳು.

"ಅಂದ್ರ ಅವರು ಅದಕ ಕಾಣಲೇ ಇಲ್ಲ?"

"ಇಲ್ಲ."

"ಕಾಣಂಗಿಲ್ಲ ಅಂತ ನಿನಗ ಮೊದಲ ಗೊತ್ತಿತ್ತೇನವ್ವ?"

"ಇಂಥದು ಆಗಬಹುದು ಅಂತ ಗೊತ್ತಿತ್ತು. ಯಾಕ ಆಗತೈತಿ ಅಂತ ಗೊತ್ತಿರಲಿಲ್ಲ. ಹುಡುಕಬೇಕಿತ್ತು, ಹುಡುಕಲಿಲ್ಲ."

ಹುಲಿಗೆಮ್ಮ ಪಾತ್ರೆ ಮಗುಚಿಟ್ಟು ಇನ್ನೊಂದನ್ನು ಎಳೆದುಕೊಂಡಳು. ಆಮೇಲೆ ನಾಲ್ಕು ದಿನ ಅವಳು ನಾದಿನಿಯ ಜೊತೆ ಮಾತಾಡಲಿಲ್ಲ. ಊಟಕ್ಕೆ ಮಾತ್ರ ತಟ್ಟೆ ಹಾಕಿ, ಮುಚ್ಚಿ ಇಡುತ್ತಿದ್ದಳು.

ಹಂಪಮ್ಮ ಎಂಟು ಪುಟದ ವರದಿ ಬರೆದಳು. ತಪ್ಪು ಬಾವುಟದವನದಲ್ಲ, ವಾಸಿ ನಿಯಮದ್ದು, ನಿಯಮ ಬರೆದದ್ದು ತಾನು ಎಂದು ಮೊದಲ ಪುಟದಲ್ಲೇ ಹೇಳಿದಳು. ಎರಡು ಕಣ್ಣು ಒಪ್ಪಿದ ಮಾತ್ರಕ್ಕೆ ವಾಸಿ ಎನ್ನಬಾರದು. ಅಲ್ಲಿ ಖಂಡಿತ ಇದೆ ಎಂದು ನಮಗೆ ಗೊತ್ತಿರುವ ಒಂದು ವಸ್ತುವನ್ನು ಅದಕ್ಕೆ ತೋರಿಸಬೇಕು, ಕಂಡಿತು ಎಂದರೆ ಮಾತ್ರ ನಂಬಬೇಕು. ಊರಿನ ಗಡಿಯೊಳಗೆ ನೂರು ಮೀಟರಿಗೊಂದು ಕಂಬ ಹುಗಿಯಬೇಕು. ಮೂರು ಕಂಬವನ್ನು ಸಾಲಾಗಿ ದೂರದಿಂದಲೇ ಗುರುತಿಸಿದ ಕಣ್ಣು ವಾಸಿಯಾದ ಕಣ್ಣು.

ವಿದ್ಯಾಶಂಕರ್ ಎಂಟೂ ಪುಟ ಓದಿದರು. ಅದು ಅವರ ದೊಡ್ಡ ಗುಣ, ಈ ಸಲ ಪೂರ್ತಿ ಓದಿದರು.

"ಮೊದಲ ಪುಟ ತೆಗೆದುಬಿಡಿ. ತನಿಖೆ ಮುಗಿದಿದೆ, ನಿಮಗೂ ಕಷ್ಟ," ಎಂದರು. "ಉಳಿದದ್ದು ನೂರಕ್ಕೆ ನೂರು ಸರಿ. ಆದರೆ ರಸ್ತೆ ನಮ್ಮದಲ್ಲ. ಕಂಬ ಹುಗಿಯಲು ಅನುಮತಿ ಬರುವುದಕ್ಕೆ ಎರಡು ವರ್ಷ ಬೇಕು. ನೀವು ಹೇಳುವ ಗೊತ್ತಿರುವ ವಸ್ತು ಈಗಾಗಲೇ ಲಾರಿಯ ಮುಂದೆ ಇದೆಯಲ್ಲ."

ಹಂಪಮ್ಮನಿಗೆ ಅರ್ಥವಾಗಲಿಲ್ಲ.

"ಬಾವುಟದವರು," ಎಂದರು ಅವರು. "ಹನ್ನೆರಡು ಮೀಟರಿನಲ್ಲಿ ಒಬ್ಬ ಮನುಷ್ಯ ಇರಲೇಬೇಕು ಅಂತ ನಮಗೆ ಗೊತ್ತು. ಲಾರಿ ನಿಲ್ಲಲಿ, ಅವರು ಎದುರಿಗೆ ನಿಲ್ಲಲಿ, ಕಣ್ಣಿಗೆ ಕಂಡರೆ ಪಕ್ಕಕ್ಕೆ ಸರಿಯಲಿ. ನಿಮ್ಮದೇ ತತ್ವ."

"ಸರ್, ಅವರು ಕಂಬ ಅಲ್ಲ."

"ನೀವು ಸಹಿ ಹಾಕದಿದ್ದರೆ ಹನ್ನೆರಡು ಸೆಕೆಂಡಿನದೇ ಮುಂದುವರಿಯುತ್ತದೆ. ಅದರಲ್ಲಿ ಎಷ್ಟು ಜನ ಹೋಗುತ್ತಾರೆ, ಇದರಲ್ಲಿ ಎಷ್ಟು ಜನ ಹೋಗುತ್ತಾರೆ, ನನಗಿಂತ ನಿಮಗೆ ಚೆನ್ನಾಗಿ ಗೊತ್ತು."

ಅವಳಿಗೆ ಗೊತ್ತಿತ್ತು. ನಿಂತ ಲಾರಿಯ ಮುಂದೆ ನಿಲ್ಲುವುದು, ತೆವಳುವ ಲಾರಿಯ ಮುಂದೆ ನಂಬಿ ನಡೆಯುವುದಕ್ಕಿಂತ ಕಡಿಮೆ ಅಪಾಯ. ಲೆಕ್ಕ ಸರಿಯಾಗಿತ್ತು. ಎರಡು ದಿನ ಅದನ್ನು ತಲೆಯಲ್ಲಿ ಹೊತ್ತು ತಿರುಗಿ, ಕಾಣಬೇಕಾದ ದೂರ ಹನ್ನೆರಡು ಮೀಟರಿಗಿಂತ ಕಡಿಮೆ ಇರಕೂಡದು ಎಂಬ ಸಾಲು ಸೇರಿಸಿ, ಮೊದಲ ಪುಟವನ್ನು ತೆಗೆಯದೆ ಸಹಿ ಹಾಕಿದಳು.

ಮನೆಗೆ ಬಂದಾಗ ಹುಲಿಗೆಮ್ಮ ಪಡಸಾಲೆಯಲ್ಲಿ ಒಂದು ಹಾಳೆ ಹಿಡಿದು ಕೂತಿದ್ದಳು.

"ಓದು," ಎಂದಳು. ನಾಲ್ಕು ದಿನದಲ್ಲಿ ಅದು ಮೊದಲ ಮಾತು.

ಸತ್ತವನ ಕುಟುಂಬಕ್ಕೆ ಅನುಕಂಪದ ಆಧಾರದ ಮೇಲೆ ಕೊಟ್ಟ ನೌಕರಿಯ ಆದೇಶ. ಹುದ್ದೆ ಬಾವುಟದವರದು. ಸೋಮವಾರದಿಂದ.

"ಬ್ಯಾಡ ಅತ್ತಿಗಿ."

"ಮತ್ತ? ನಿನ್ನ ಕೈ ನೋಡ್ಕೊಂತ ಕೂಡ್ಲೇನು?" ಹುಲಿಗೆಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ. "ಅವರ ಹೆಸರಿನ ಜಾಗ ಅದು. ಇನ್ನೊಬ್ಬರು ನಿಂತ್ರ ಅವರಿಗೂ ಹೆಂಡ್ರು ಮಕ್ಕಳು ಇರ್ತಾರ."

ಹಂಪಮ್ಮ ಹೊಸ ನಿಯಮ ವಿವರಿಸಿದಳು. ಲಾರಿಯ ಮುಖಕ್ಕೆ ಮುಖ ಕೊಟ್ಟು ನಿಲ್ಲಬೇಕು, ಅದಕ್ಕೆ ಕಾಣುವ ತನಕ ಸರಿಯುವಂತಿಲ್ಲ.

"ಕಾಣದಿದ್ರ?"

"ಕಾಣದಿದ್ರ ಅದು ಅಲ್ಲೇ ನಿಲ್ಲತೈತಿ. ಹಂಗ ಬರದೀನಿ."

"ನೀ ಬರದದ್ದಾ?" ಎಂದು ಕೇಳಿ ಹುಲಿಗೆಮ್ಮ ಅವಳ ಮುಖವನ್ನು ನೆಟ್ಟ ನೋಟದಿಂದ ನೋಡಿದಳು. ಹಂಪಮ್ಮ ತಲೆ ತಗ್ಗಿಸಿದಳು. "ಆತು. ನಿಲ್ತೀನಿ."

ಸೋಮವಾರ ಬಿಸಿಲಿತ್ತು, ಹಿಂದಿನ ಸಂಜೆ ನಾಲ್ಕು ಹನಿ ಬಿದ್ದಿತ್ತು. ಹನ್ನೊಂದು ಗಂಟೆಗೆ ಮೂವತ್ತೆಂಟನೆಯ ಲಾರಿ ಊರ ಬಾಗಿಲಲ್ಲಿ ಹಳದಿಯಾಗಿ ನಿಂತಿತು. ಕಂಬದ ಮೇಲಿನ ಕಾವಲು ಕ್ಯಾಮೆರಾದಲ್ಲಿ ಹಂಪಮ್ಮನಿಗೆ ಎಲ್ಲ ಕಾಣುತ್ತಿತ್ತು. ಹುಲಿಗೆಮ್ಮ ಸೆರಗು ಬಿಗಿದು, ಗಂಡನ ಅಳತೆಯ ದೊಗಲೆ ಕಿತ್ತಳೆ ಜಾಕೆಟ್ ತೊಟ್ಟು, ಸುಣ್ಣದಲ್ಲಿ ಎಳೆದ ಗೆರೆಯ ಮೇಲೆ ನಿಂತಿದ್ದಳು. ಲಾರಿಯ ಮುಂದೆ ಅವಳು ಬೆರಳಷ್ಟೇ ಕಾಣುತ್ತಿದ್ದಳು.

ಲಾರಿ ನೀರು ಚಿಮ್ಮಿಸಿತು, ನೋಡಿತು. ಪರದೆಯ ಮೇಲೆ ಉತ್ತರ ಬಂತು: ಮನುಷ್ಯರು ಇಲ್ಲ.

ಎರಡನೆಯ ಸಲ ತೊಳೆಯಿತು. ಇಲ್ಲ. ಮೂರನೆಯ ಸಲವೂ ಇಲ್ಲ. ಹಿಂದೆ ಲಾರಿಗಳು ಒಂದರ ಬೆನ್ನಿಗೊಂದು ನಿಲ್ಲತೊಡಗಿದವು. ವಿದ್ಯಾಶಂಕರ್ ಬಂದು ಅವಳ ಕುರ್ಚಿಯ ಹಿಂದೆ ನಿಂತರು.

"ಇನ್ನೂ ಸ್ವಲ್ಪ ಹತ್ತಿರ ಬರಲು ಹೇಳಿ."

"ಹನ್ನೆರಡಕ್ಕಿಂತ ಕಡಿಮೆ ಇರಕೂಡದು ಸರ್. ನಿಯಮದಲ್ಲಿದೆ."

"ಇವತ್ತು ಬೆಳಿಗ್ಗೆ ಆ ಸಾಲು ತಿದ್ದಿದ್ದೇವೆ. ಕಾಣುವ ತನಕ ಅಂತ ಮಾತ್ರ ಇದೆ." ಅವರೇ ಮೈಕಿನ ಗುಂಡಿ ಒತ್ತಿದರು. "ಅಮ್ಮಾ, ಎರಡು ಹೆಜ್ಜೆ ಮುಂದೆ ಬನ್ನಿ."

ಲಾರಿಯ ಸ್ಪೀಕರಿನಿಂದ ದನಿ ಬಂತು. ಹುಲಿಗೆಮ್ಮ ಎರಡು ಹೆಜ್ಜೆ ಬಂದಳು. ಕಾಣಲಿಲ್ಲ. ಮತ್ತೆರಡು. ಮತ್ತೆರಡು. ಹೀಗೆ ಎರಡೆರಡು ಹೆಜ್ಜೆ ಮುಂದೆ ಬರುತ್ತಲೇ ಇದ್ದಳು. ಕೈ ಚಾಚಿದರೆ ಬಂಪರ್ ಸಿಗುವಷ್ಟು ಹತ್ತಿರ, ಲಾರಿಯ ನೆರಳಿನೊಳಗೆ ಬಂದಾಗ ಪರದೆಯ ಮೇಲೆ ಮೂಡಿತು: ಮನುಷ್ಯರು, ಒಬ್ಬರು.

ಕೊಠಡಿಯಲ್ಲಿ ಯಾರೋ ನಿಟ್ಟುಸಿರು ಬಿಟ್ಟರು. "ವಾಸಿ," ಎಂದರು ವಿದ್ಯಾಶಂಕರ್. "ಪಕ್ಕಕ್ಕೆ ಸರಿಯಲು ಹೇಳಿ, ಹಸಿರು ಕೊಡಿ."

ಹಂಪಮ್ಮ ಮೈಕಿನ ಗುಂಡಿ ಒತ್ತಿದಳು. "ಅತ್ತಿಗಿ, ನಾನು."

ಹುಲಿಗೆಮ್ಮ ತಲೆ ಎತ್ತಿ ಲಾರಿಯ ಹಣೆಯ ಮೈಕಿನ ಕಡೆ ನೋಡಿದಳು. "ಕಂಡ್ನೇನವ್ವ?"

"ಈಗ ಕಂಡಿ. ಎರಡು ಮೊಳ ದೂರಕ್ಕ ಕಂಡಿ. ಗೆರಿ ಹತ್ರ ನಿಂತಾಗ ಕಾಣಲಿಲ್ಲ."

"ಹಂಗಾರ ಇದು ಊರಾಗ ಓಡಿದ್ರ ಮಂದಿ ಕಾಣ್ತಾರೇನು?"

ವಿದ್ಯಾಶಂಕರ್ ಅವಳ ಹೆಗಲ ಮೇಲಿಂದ ಕೈ ಚಾಚಿದರು. ಹಂಪಮ್ಮ ಗುಂಡಿಯಿಂದ ಬೆರಳು ತೆಗೆಯಲಿಲ್ಲ.

"ಕಾಣಂಗಿಲ್ಲ," ಎಂದಳು. "ಕಂಡ ಮ್ಯಾಲ ನಿಲ್ಲಾಕ ಜಾಗಾನ ಇರಂಗಿಲ್ಲ ಅದಕ."

ಹುಲಿಗೆಮ್ಮ ಬಾವುಟವನ್ನು ನೆಲಕ್ಕೆ ಹಾಕಿ, ಸೀರೆ ಒಟ್ಟು ಮಾಡಿಕೊಂಡು, ಅಲ್ಲೇ ಲಾರಿಯ ನೆರಳಿನಲ್ಲಿ ಕೂತುಬಿಟ್ಟಳು. ಪರದೆಯ ಮೇಲೆ ಒಬ್ಬರು ಎಂಬುದು ಹಾಗೆಯೇ ಇತ್ತು. ಎದುರಿಗೆ ಮನುಷ್ಯ ಕಾಣುತ್ತಿರುವಷ್ಟು ಹೊತ್ತು ಯಾರು ಯಾವ ಗುಂಡಿ ಒತ್ತಿದರೂ ಲಾರಿ ಕದಲುವುದಿಲ್ಲ.

"ಎಬ್ಬಿಸಿ ಅವರನ್ನು," ಎಂದರು ವಿದ್ಯಾಶಂಕರ್. ಮೊದಲ ಸಲ ಅವರ ದನಿ ಏರಿತ್ತು.

ಹಂಪಮ್ಮ ಕೊರಳಿನ ಗುರುತಿನ ಚೀಟಿ ತೆಗೆದು ಕೀಲಿಮಣೆಯ ಮೇಲೆ ಇಟ್ಟಳು. ಚೀಲ ತೆಗೆದುಕೊಂಡಳು. ಯಾರೂ ತಡೆಯಲಿಲ್ಲ. ಗುಡ್ಡದ ದಾರಿ ಇಳಿದು ಊರ ಬಾಗಿಲು ತಲುಪಲು ಅರ್ಧ ಗಂಟೆ ಬೇಕಾಯಿತು. ದಾರಿಯುದ್ದಕ್ಕೂ ಲಾರಿಗಳು ನಿಂತಿದ್ದವು. ಅವುಗಳನ್ನು ಎಣಿಸುವ ಅಭ್ಯಾಸ ಅವಳಿಗಿತ್ತು, ಆದರೆ ಎಣಿಸಲಿಲ್ಲ. ಪ್ರತಿಯೊಂದರ ಮುಂದೆ ಹಾಯುವಾಗಲೂ ಗಾಜಿನ ಮೇಲಿನ ಕೆಂಪು ಪದರ ಮಾತ್ರ ನೋಡಿದಳು.

ಹುಲಿಗೆಮ್ಮ ಇದ್ದಲ್ಲೇ ಕೂತಿದ್ದಳು. ರಸ್ತೆಯ ಬದಿಯಲ್ಲಿ ಏಳೆಂಟು ಜನ ಸೇರಿದ್ದರು. ಯಾರೂ ಮುಂದೆ ಬಂದಿರಲಿಲ್ಲ. ಹಂಪಮ್ಮ ಹೋಗಿ ಪಕ್ಕದಲ್ಲಿ ಕೂತಳು. ನೆಲ ಕಾದಿತ್ತು.

"ನಿನ್ನ ನೌಕರಿ?"

"ಹೋತು."

"ನಂದೂ ಹೋತಂತ. ಆಗಲೇ ಇದರ ಬಾಯಾಗ ಹೇಳಿದ್ರು." ಹುಲಿಗೆಮ್ಮ ತಲೆಯ ಮೇಲಿನ ಸ್ಪೀಕರಿನ ಕಡೆ ಗದ್ದ ಎತ್ತಿದಳು. "ಒಂದ ಬೆಳಗಿನ ನೌಕರಿ." ನೀರಿನ ಬಾಟಲಿಯನ್ನು ನಾದಿನಿಯ ಕೈಗಿತ್ತಳು. ಅದರಲ್ಲಿ ಅರ್ಧ ಉಳಿದಿತ್ತು.

"ಪೊಲೀಸರು ಬರ್ತಾರ," ಎಂದಳು ಹಂಪಮ್ಮ. "ಎತ್ತಿ ಹಾಕ್ತಾರ."

"ಹಾಕ್ಲಿ. ಎಷ್ಟೊತ್ತಾಗತೈತೋ ಅಷ್ಟೊತ್ತು ಇದು ಊರಾಗ ಬರಂಗಿಲ್ಲ."

ದೂರದಲ್ಲಿ ಜೀಪಿನ ಸದ್ದು ಕೇಳಿಸಿತು. ಹಂಪಮ್ಮ ಒಂದು ಗುಟುಕು ಕುಡಿದು ಬಾಟಲಿಯನ್ನು ವಾಪಸು ಕೊಟ್ಟಳು. ಹುಲಿಗೆಮ್ಮ ಅದರ ಮುಚ್ಚಳ ಹಾಕಿ ಮಡಿಲಲ್ಲಿಟ್ಟುಕೊಂಡಳು. ಕೊಡವನ್ನು ಕಂಕುಳಲ್ಲಿಟ್ಟು ನಿಂತಿದ್ದ ಮುದುಕಿಯೊಬ್ಬಳು ರಸ್ತೆಯ ಆ ಬದಿಗೆ ದಾಟಲು ಹೊರಟು, ಅರ್ಧಕ್ಕೆ ನಿಂತು ಇವರಿಬ್ಬರನ್ನು ನೋಡಿ, ಕೊಡವನ್ನು ಕೆಳಗಿಟ್ಟು ನಿಧಾನವಾಗಿ ಮಂಡಿ ಮಡಚಿ ಅಲ್ಲೇ ಕೂತಳು.